ಉಪ್ಪಿನ ಗುಳಿಗೆ, ಸಪ್ಪನೆ ಸಾರು

ಹೋದ ತಿಂಗಳು ಬಸವಕಲ್ಯಾಣದ ಬಸ್ಸು ಹುಮನಾಬಾದಿಗೆ ಬಂದು ನಿಂತಾಗ ನಮ್ಮ ಅಣ್ಣ ಕಂಬಿ ಹಿಡಿದುಕೊಂಡು ಇಳಿದ. ನೆಲಕ್ಕೆ ಕಾಲಿಟ್ಟವನೇ ವಾಲಿದ. ಕಂಡಕ್ಟರ್ ನಕ್ಕ.

"ಕಾಕಾ, ಮುಂಜಾನಿಗೇ ಶುರು ಮಾಡೀರೇನ್ರಿ?"

ಸುತ್ತಲಿನವರೂ ನಕ್ಕರು. ಅಣ್ಣ ಕುಡಿಯುವವನಲ್ಲ. (ಅವನ ಚಟಗಳು ಎರಡೇ: ಚಹಾ, ಮತ್ತು ನನಗೆ ಬುದ್ಧಿ ಹೇಳುವುದು.) ಆ ದಿನ ಬುದ್ಧಿ ಹೇಳಲೂ ನಾಲಿಗೆ ಹೊರಳುತ್ತಿರಲಿಲ್ಲ. ಕೈ ಗಡಗಡ ನಡುಗುತ್ತಿತ್ತು. ಹಿಂದೆಯೇ ಇಳಿದ ಅವನ ಹೆಂಡತಿ, ನಮ್ಮ ವೈನಿ, ನನ್ನ ಕಿವಿಯಲ್ಲಿ, "ನಿನ್ನಿಯಿಂದ ಹೊಟ್ಟಿ ಬ್ಯಾರೆ ಹೋಗಾಕತ್ತದವ್ವಾ" ಎಂದರು.

ಸೀದಾ ನಮ್ಮೂರ ಡಾಕ್ಟರರ ಹತ್ತಿರ ಕರೆದೊಯ್ದೆ.

"ಏನೇನು ಗುಳಗಿ ತಗೋತಾರ?"

ವೈನಿ ಬೆಂಚಿನ ಮೇಲೆ ಕೂತಿದ್ದ ಜನರನ್ನು ನೋಡಿದರು. "ಮೊಣಕಾಲು ನೋವಿಗಿ ಒಂದ್ ತಗೋತಾರ್ರಿ. ಮತ್ತೇನಿಲ್ಲ."

ಮತ್ತೇನಿಲ್ಲವೇ? ಅಣ್ಣನಿಗೆ ಮನಸ್ಸಿನ ಕಾಯಿಲೆ ಶುರುವಾಗಿ ವರ್ಷಗಳಾದವು. ಒಮ್ಮೆ ನಿದ್ದೆಯೇ ಇಲ್ಲದೆ ಊರೆಲ್ಲ ಓಡಾಡುತ್ತಿದ್ದ, ತನ್ನ ಅಂಗಡಿಯ ಬಟ್ಟೆಯನ್ನು ಕಂಡಕಂಡವರಿಗೆ ಹಂಚುತ್ತಿದ್ದ. ಇನ್ನೊಮ್ಮೆ ಗೋಡೆಗೆ ಮುಖ ಮಾಡಿ ಮಲಗಿದರೆ ಏಳುತ್ತಲೇ ಇರಲಿಲ್ಲ. ಗುಲಬರ್ಗಾದ ಡಾಕ್ಟರರು ಲಿಥಿಯಂ ಎಂಬ ಗುಳಿಗೆ ಶುರು ಮಾಡಿದ ಮೇಲೆಯೇ ಆತ ಮತ್ತೆ ನಮ್ಮ ಅಣ್ಣನಾದದ್ದು. ಆದರೆ ಈ ಮಾತು ಮನೆಯ ಹೊಸ್ತಿಲು ದಾಟಿರಲಿಲ್ಲ.

"ವೈನಿ, ಹೇಳ್ರಿ!" ಎಂದು ಗದರಿದೆ. ಅವರು ಬಗ್ಗಿ ಆ ಗುಳಿಗೆಯ ಹೆಸರನ್ನು ಪಿಸುಗುಟ್ಟಿದರು. ಡಾಕ್ಟರರ ಪೆನ್ನು ನಿಂತಿತು.

"ಊಟದಾಗ ಏನರ ಬದಲ್ ಮಾಡೀರೇನು?"

ಈಗ ವೈನಿಯ ಮುಖ ತುಸು ಅರಳಿತು. "ಉಪ್ಪು ಬಂದ್ ಮಾಡಿ ಹದಿನೈದು ದಿನಾತ್ರಿ ಸಾಹೇಬ್ರ. ಹೋದ ಸಲ ಗುಲಬರ್ಗಾದವ್ರೇ ಹೇಳ್ಯಾರ್ರಿ, ಹೆದರಬ್ಯಾಡ್ರಿ, ಇದೂ ಒಂದು ನಮೂನಿ ಉಪ್ಪೇ ಅಂತ. ಗುಳಗ್ಯಾಗೇ ಉಪ್ಪು ಹೋಗಾಕತ್ತದ ಅಂದಮ್ಯಾಲ ಸಾರಿನ್ಯಾಗೂ ಯಾಕ್ರಿ? ಬಿಪಿ ಬರಂಗಿಲ್ಲೇನು?"

ಲೆಕ್ಕದಲ್ಲಿ ಏನು ತಪ್ಪಿದೆ, ನೀವೇ ಹೇಳಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಗಂಡನೊಬ್ಬನೇ ಸಪ್ಪನೆ ಉಣ್ಣಬಾರದೆಂದು ಆಕೆಯೂ ಅದನ್ನೇ ಉಂಡಿದ್ದರು.

ಡಾಕ್ಟರರು ಬೈಯಲಿಲ್ಲ, ಅದೇ ದೊಡ್ಡದು. ಮೈಯಲ್ಲಿ ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದಂತೆ. ಹಾಗೆ ಕೂಡಿಕೊಂಡ ಔಷಧವೇ ವಿಷ. ಸಾಲದ್ದಕ್ಕೆ ಮೊಣಕಾಲಿನ ಗುಳಿಗೆಯೂ ಅದಕ್ಕೇ ಕೈಜೋಡಿಸಿತ್ತು. ಕೆಲವು ಬಿಪಿ ಗುಳಿಗೆಗಳದ್ದೂ ಅದೇ ಕಥೆ. ಉಪ್ಪನ್ನು ಬಿಡಲೂಬಾರದು, ಒಮ್ಮೆಲೇ ಸುರಿಯಲೂಬಾರದು, ದಿನಾ ಉಣ್ಣುವಷ್ಟೇ ಉಣ್ಣಬೇಕು. ನೀರು ಸರಿಯಾಗಿ ಕುಡಿಯಬೇಕು. ಚಹಾ ಸಹ ದಿಢೀರನೆ ನಿಲ್ಲಿಸಬಾರದು, ಆಗಲೂ ಲಿಥಿಯಂ ಮೈಯಲ್ಲಿ ಹೆಚ್ಚುತ್ತದಂತೆ. (ಇದನ್ನು ಕೇಳಿ, ಮಲಗಿದ್ದ ಅಣ್ಣ ಕಣ್ಣು ತೆರೆದ.)

ಲಿಥಿಯಂ ನಿಲ್ಲಿಸಿ, ಸಲೈನ್ ಹಚ್ಚಿ, ಜೀಪಿನಲ್ಲಿ ಗುಲಬರ್ಗಾಕ್ಕೆ ಕಳಿಸಿದರು. ದಾರಿಯುದ್ದಕ್ಕೂ ವೈನಿ ಒಂದೇ ಮಾತು ಹೇಳುತ್ತ ಅತ್ತರು: "ನನ್ನ ಕೈಯಾರೆ ಹಿಂಗಾತಲ್ಲವ್ವಾ." ನನಗೂ ಅಳು ತಡೆಯಲಾಗಲಿಲ್ಲ. ಅಣ್ಣ ಉಳಿದ. ರಕ್ತ ಪರೀಕ್ಷೆ ಮಾಡಿ ನೋಡಿಕೊಂಡು, ಮೊದಲಿಗಿಂತ ಕಡಿಮೆ ಲಿಥಿಯಂ ಮತ್ತೆ ಕೊಟ್ಟಿದ್ದಾರೆ.

ನಮ್ಮ ಕಡೆ ಶುಗರ್ ಇದ್ದವರನ್ನು ನೋಡಿದ್ದೀರಲ್ಲ? "ನಂಗ ಶುಗರ್ ಅದ್ರಿ, ಸಕ್ರಿ ಬ್ಯಾಡ್ರಿ" ಎಂದು ಮದುವೆ ಮಂಟಪಕ್ಕೆಲ್ಲ ಕೇಳುವಂತೆ ಸಾರುತ್ತಾರೆ. ಪಾಪ, ಮನಸ್ಸಿಗೆ ಗುಳಿಗೆ ನುಂಗುವವರು ಮಾತ್ರ ಔಷಧ ಅಂಗಡಿಯಲ್ಲೂ ಬಾಯಿ ಬಿಡುವುದಿಲ್ಲ. ಹೇಳದಿದ್ದರೆ, ಆ ನೋವಿನ ಗುಳಿಗೆ ಬೇಡ ಎಂದು ತಡೆಯುವವರಾದರೂ ಯಾರು?

ಕಳೆದ ಭಾನುವಾರ ಬಸವಕಲ್ಯಾಣದಲ್ಲಿ ನೆಂಟರ ಮದುವೆ. ಪಂಗತಿಯಲ್ಲಿ ಉಪ್ಪು ಬಡಿಸುತ್ತಿದ್ದವರು ಅಣ್ಣನ ಎಲೆಯ ಮುಂದೆ ಕೈ ತಡೆದರು. "ಕಾಕಾ, ಆರಾಮಿಲ್ಲಂತಲ್ರಿ. ಉಪ್ಪು ಬ್ಯಾಡೇನ್ರಿ?"

ಅಣ್ಣ ತಲೆ ತಗ್ಗಿಸಿದ. ಎದುರು ಸಾಲಿನಿಂದ ವೈನಿಯ ದನಿ ಬಂತು, ಗಟ್ಟಿಯಾಗಿ.

"ಹಾಕ್ರಿ! ಮನಸ್ಸಿಂದು ಗುಳಗಿ ತಗೋತಾರ ಅವರು. ಉಪ್ಪು ತಪ್ಪಿಸಬಾರದು ಅಂತ ಹೇಳ್ಯಾರ ಡಾಕ್ಟರು."

ಎಲೆಗೆ ಉಪ್ಪು ಬಿತ್ತು. ಕೈ ತೊಳೆಯುವಾಗ, ವೈನಿಯ ಪಕ್ಕ ಉಂಡಿದ್ದ ಹೆಂಗಸು ಬಳಿಗೆ ಬಂದು ಬಾಯಿಗೆ ಸೆರಗು ಮರೆಮಾಡಿ ಕೇಳಿದಳು, "ಅಕ್ಕಾ, ಆ ಡಾಕ್ಟರು ಎಲ್ಲಿ ಕೂಡ್ತಾರ್ರಿ? ನಮ್ಮ ಮನ್ಯಾಗೂ..."

ನಿಮ್ಮ ಪಂಗತಿಯಲ್ಲಿ ಯಾರು ಸೆರಗು ಮರೆಮಾಡಿಕೊಂಡು ಕಾಯುತ್ತಿದ್ದಾರೆ?