ರೊಟ್ಟಿ ಬುಟ್ಟಿಯ ಕಂಡಕ್ಟರ್

ನಮ್ಮ ಓಣಿಯ ನಿವೃತ್ತ ಕಂಡಕ್ಟರ್ ಬಸ್ಸು ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಬಂದು ಪ್ರತಿ ಬಾಗಿಲಲ್ಲೂ ಸೀಟಿ ಊದುತ್ತಿದ್ದರು. ಮನೆಗೆರಡು ಜೋಳದ ರೊಟ್ಟಿ ಕೊಡಬೇಕು. ಕೊಪ್ಪಳದ ದವಾಖಾನೆಯಲ್ಲಿ ರೋಗಿಗಳ ಜೊತೆ ಬಂದವರಿಗೆ ಅವನ್ನು ಹಂಚುತ್ತಿದ್ದರು. ಪಲ್ಯ ಬಡಿಸಲು ನಾನೂ ಹೋಗುತ್ತಿದ್ದೆ. ರೊಟ್ಟಿ ಸಾಲದೆ ಹೋದರೆ ಗತಿಯೇನು ಎಂದು ಚಿಂತಿಸುವುದೇ ಅಲ್ಲಿ ನನ್ನ ಮುಖ್ಯ ಸೇವೆ. ಸಾಲು ಎಷ್ಟೇ ಬೆಳೆದರೂ ಅವರದು ಒಂದೇ ಮಾತು: "ಮುಂದ ಸರೀರಿ, ಜಾಗಾ ಐತಿ."

ಹೆಂಡತಿ ತವರಿಗೆ ಹೋದಾಗ ಒಂದು ದಿನ ನಾನೇ ರೊಟ್ಟಿ ಬಡಿದೆ. ಒಂದು ರೊಟ್ಟಿ ಜಿಲ್ಲೆಯ ನಕಾಶೆಯಂತಿತ್ತು. ಇನ್ನೊಂದರಲ್ಲಿ ತಾಲ್ಲೂಕುಗಳೂ ಬೇರೆ ಬೇರೆಯಾಗಿದ್ದವು. ಯಾರೂ ನೋಡದಿರಲಿ ಎಂದು ಬುಟ್ಟಿಯ ತಳಕ್ಕೆ ಸೇರಿಸಿದೆ. ತಳದ್ದೇ ಕೊನೆಗೆ ಉಳಿಯುತ್ತದೆ ಎಂದು ಹೊಳೆಯಲಿಲ್ಲ. ಆ ದಿನ ಜನ ಹೆಚ್ಚು. ಅಳವಂಡಿಯಿಂದ ಬಂದು ಸಾಲಿನ ಕೊನೆಗೆ ನಿಂತಿದ್ದ ಅಜ್ಜಿಯೊಬ್ಬಳಿಗೆ ಉಳಿದದ್ದು ಅವೆರಡೇ.

"ಯಾರ್ ಮಾಡ್ಯಾರಪ್ಪಾ ಇವನ್ನ?" ಎಂದಳು ಅಜ್ಜಿ. ನಾನು ಪಲ್ಯದ ಪಾತ್ರೆಯೊಳಗೆ ಇಣುಕಿದೆ.

"ಹೊಸಾ ಡ್ರೈವರ್ ಅದಾನಬೇ ಯಮ್ಮಾ, ಗಾಡಿ ಸ್ವಲ್ಪ ಕುಲುಕತೈತಿ," ಎಂದರು ಕಂಡಕ್ಟರ್.

ಅಜ್ಜಿ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡು, "ಊರ್ ಮುಟ್ಟಸ್ತಾನ ಬಿಡು," ಎಂದಳು.

ಮರುದಿನ ಮತ್ತೆ ಸೀಟಿ. ಹೆಂಡತಿ ಇನ್ನೂ ಬಂದಿರಲಿಲ್ಲ. ಎರಡು ರೊಟ್ಟಿಯನ್ನು ಬೆನ್ನ ಹಿಂದೆ ಹಿಡಿದು ಹೊರಗೆ ಬಂದೆ.

"ನಾಳಿಂದ ನಿಮ್ಮನಿದು ನಾಕ್ ಆಗ್ಲಿರಿ," ಎಂದರು ಕಂಡಕ್ಟರ್.

"ನಾಕಾ? ನಿನ್ನಿ ನನ್ನ ರೊಟ್ಟಿ ನೋಡೀರಲ್ರಿ!"

ಅವರು ಬುಟ್ಟಿಯಲ್ಲಿದ್ದ ಗುಂಡನೆಯ ರೊಟ್ಟಿಗಳನ್ನು ಒಂದಿಷ್ಟು ಒತ್ತಿ ಸರಿಸಿದರು.

"ಜಾಗಾ ಐತ್ರಿ."