ಹೋರಿಯ ಹಲ್ಲಿನ ಮೇಲೂ ಅದೇ ಗೆರೆ

ತಮ್ಮ ಇವತ್ತು ಇದ್ದಿಲಿನ ಟೂತ್‌ಪೇಸ್ಟ್ ತಂದುಕೊಟ್ಟ. ಆ ಕಪ್ಪು ಕಂಡದ್ದೇ ಹನೂರಿನ ಹತ್ತಿರದ ನಮ್ಮೂರು, ಅಜ್ಜಿಯ ಬೆರಳು ನೆನಪಾದವು.

ಹಾಲುಹಲ್ಲು ಬಿದ್ದ ಮೇಲೆ ನನಗೆ ಬಂದ ಹೊಸ ಹಲ್ಲುಗಳ ತುಂಬ ಕಂದು ಗೆರೆಗಳಿದ್ದವು. ಮಾಂಬಳ್ಳಿಯಿಂದ ಮದುವೆಯಾಗಿ ಬಂದಿದ್ದ ಅಜ್ಜಿಯ ಹಲ್ಲು ಮಾತ್ರ ಬೆಳ್ಳಗಿದ್ದವು. ದಿನಾ ಬೆಳಿಗ್ಗೆ ಅವಳು ನನ್ನ ಗದ್ದ ಹಿಡಿದು, ಇದ್ದಿಲಿಗೆ ಇಟ್ಟಿಗೆ ಪುಡಿ ಬೆರೆಸಿ, ವಸಡಿನಲ್ಲಿ ರಕ್ತ ಬರುವವರೆಗೆ ತಿಕ್ಕುತ್ತಿದ್ದಳು.

“ಸರ್ಯಾಗಿ ಉಜ್ಜಿದ್ರೆ ಯಾಕ್ ಓಗಲ್ಲ? ಮೈಗಳ್ಳಿ!”

ಒಂದು ದಿನ ದನದ ವ್ಯಾಪಾರಿಯೊಬ್ಬ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಹೋರಿಯ ವಯಸ್ಸು ತಿಳಿಯಲು ಅದರ ತುಟಿ ಎತ್ತಿ ನೋಡಿದ. ಹೊಸದಾಗಿ ಬಂದಿದ್ದ ಎರಡು ಹಲ್ಲಿನ ಮೇಲೂ ನನ್ನವೇ ಗೆರೆಗಳು.

“ಇದು ನಿಮ್ ಬಾವಿ ನೀರಿನ್ ಕಲೆ ಕಣವ್ವ. ಈ ಊರಲ್ಲಿ ಉಟ್ಟಿದ್ ದನುಕ್ಕೆಲ್ಲ ಇಂಗೇಯ. ದೊಡ್ಡವಾದ್ ಮೇಲೆ ತಂದವುಕ್ಕೆ ಏನೂ ಆಗಲ್ಲ,” ಎಂದ.

ಮಾರನೆಯ ಬೆಳಿಗ್ಗೆ ಅಜ್ಜಿ ನನ್ನ ಗದ್ದ ಹಿಡಿಯಲಿಲ್ಲ. ಕೊಡ ಎತ್ತಿಕೊಂಡು ದೂರದ ಹಳ್ಳಕ್ಕೆ ನೀರಿಗೆ ಹೋದಳು. ಆಗ ತೊಟ್ಟಿಲಲ್ಲಿದ್ದ ತಮ್ಮ ಬೆಳೆದದ್ದು ಆ ನೀರಿನಲ್ಲೇ.

ಪೇಸ್ಟನ್ನು ನನ್ನ ಕೈಗಿಟ್ಟು ಅವನು ಬೆಳ್ಳನೆಯ ಹಲ್ಲು ತೋರಿಸಿ ನಕ್ಕ. “ಸರ್ಯಾಗಿ ಉಜ್ಜಿದ್ರೆ ಓಯ್ತದೆ ಕಣಕ್ಕ.”