ಕೇಳಿಸ್ತಪ್ಪ, ಕೇಳಿಸ್ತು

ಟೀಚರಮ್ಮನ ಸೆರಗಿನ ತುದಿಯಲ್ಲಿ ಸದಾ ಒಂದು ಗಂಟಿರುತ್ತಿತ್ತು. ಒಳಗಿರುತ್ತಿದ್ದದ್ದು ಬರೀ ಮಂಡಕ್ಕಿ. ಎಡಗೈಯಲ್ಲೇ ಬಿಚ್ಚಲು ಬರುವಂತೆ ಸಡಿಲವಾಗಿ ಕಟ್ಟಿಕೊಂಡಿರುತ್ತಿದ್ದರು. ನಡೆದು ಬರುವಾಗ ಅದು ಮಾಡುವ ಸಣ್ಣ ಸದ್ದು ನಮಗೆ ಕೇಳಿಸದಿದ್ದರೂ ನಮ್ಮ ಕೆಂಚನಿಗೆ ಕೇಳಿಸುತ್ತಿತ್ತು. ಅವರು ಗೇಟು ತೆಗೆಯುವ ಮೊದಲೇ ಬಾಲ ಅಲ್ಲಾಡಿಸುತ್ತಾ ನಿಂತಿರುತ್ತಿದ್ದ.

ಕೆಂಚ ಅಪ್ಪನ ನಾಯಿ. ಸಂತೇಬೆನ್ನೂರಿನ ಹತ್ತಿರದ ನಮ್ಮ ಹೊಲದಲ್ಲಿ ಮೆಕ್ಕೆಜೋಳಕ್ಕೆ ಹಂದಿ ನುಗ್ಗದಂತೆ ಬೊಗಳುವುದು ಅವನ ಕೆಲಸ. ಬೊಗಳಿದಷ್ಟೂ ಅಪ್ಪ "ಶಾಭಾಸ್ ಮಗನೇ" ಎಂದು ಬೆನ್ನು ತಟ್ಟಿ ತನ್ನ ರೊಟ್ಟಿಯಲ್ಲೇ ಪಾಲು ಕೊಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಹೊಲ ಚಿಕ್ಕಪ್ಪನ ಉಸ್ತುವಾರಿಗೆ ಹೋಯಿತು. ಅವ್ವ ಚನ್ನಗಿರಿಯ ನನ್ನ ಬಾಡಿಗೆ ಮನೆಗೆ ಬಂದಳು. ಅವಳ ಹಿಂದೆಯೇ ಕೆಂಚನೂ ಬಂದ.

ಹಾಲಿನ ಬೈಕು, ಸೂಳೆಕೆರೆ ಮೀನು ಮಾರುವವನ ಹಾರ್ನು, ಎದುರು ಮನೆಯ ಕುಕ್ಕರಿನ ಸೀಟಿ, ಯಾವುದಕ್ಕೂ ಅವನು ಬೊಗಳದೆ ಬಿಡಲಿಲ್ಲ. ಹೊಲದಲ್ಲಿ ರೊಟ್ಟಿ ದಕ್ಕಿಸಿಕೊಟ್ಟ ಕೆಲಸಕ್ಕೆ ಪೇಟೆಯಲ್ಲಿ ಬೈಗುಳ ಯಾಕೆ ಸಿಗುತ್ತದೆಂದು ಪಾಪ ಅವನಿಗೆ ಹೇಗೆ ಗೊತ್ತಾಗಬೇಕು? ಮಹಡಿಯ ಮೇಲಿದ್ದ ಮನೆ ಮಾಲೀಕರಿಗೆ ಆಗಷ್ಟೇ ಮೊಮ್ಮಗು ಹುಟ್ಟಿತ್ತು. ಅವರು ಕೆಂಚನ ಬೊಗಳಾಟವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನನಗೇ ಕಳಿಸಿದರು. ಕೊನೆಗೊಂದು ಬೆಳಗ್ಗೆ ಕೆಳಗಿಳಿದು ಬಂದು, "ಕೂಸಿಗೆ ನಿದ್ದೆ ಇಲ್ಲ ಸಾರ್. ನಾಯಿನ ಸೂಳೆಕೆರೆ ಏರಿ ಮ್ಯಾಲೆ ಬಿಟ್ಟು ಬರ್ರಿ, ಮೀನು ತಿಂದ್ಕಂಡು ಇರ್ತೈತೆ. ಇಲ್ಲಾಂದ್ರೆ ಬ್ಯಾರೆ ಮನೆ ನೋಡ್ಕಳ್ರಿ" ಎಂದರು.

ಅವ್ವ ಅವತ್ತು ಊಟ ಮಾಡಲಿಲ್ಲ. "ನಿಮ್ಮಪ್ಪ ಬಿಟ್ಟು ಹೋಗಿದ್ರಲ್ಲಿ ಉಸಿರಾಡೋದು ಅದೊಂದೇ ಐತೆ. ಅದನ್ನ ಬಿಟ್ಟು ಬರಾಕೆ ಹೋದ್ರೆ ನನ್ನೂ ಗಾಡಿ ಹತ್ತಿಸ್ಕಂಡು ಹೋಗು" ಎಂದಳು.

ಪಕ್ಕದ ಮನೆಯ ಟೀಚರಮ್ಮ ನಮ್ಮ ಜಗಲಿಗೆ ಬಂದು ಕೂತದ್ದು ಅದರ ಮರುದಿನ. ರಿಟೈರಾಗಿ ಒಬ್ಬರೇ ಇದ್ದರು. ನಮ್ಮೂರ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರೂ ಅವರೇ. ಇನ್ನೊಂದು ದೂರು ಬಂತು ಎಂದುಕೊಂಡೆ. ಅಷ್ಟರಲ್ಲಿ ಕೆಂಚ ಶುರು ಮಾಡಿದ. ನಾನು "ಏಯ್, ಸುಮ್ನಿರೋ" ಎಂದು ಗದರಿದೆ. ಅವನು ಇನ್ನಷ್ಟು ಜೋರಾದ.

"ನೀನು ಹಂಗೆ ಕೂಗಿದ್ರೆ ಅದಕ್ಕೇನು ತಿಳೀತೈತೆ?" ಎಂದರು ಟೀಚರಮ್ಮ. "ನೀನೂ ಜೊತೆಗೆ ಬೊಗಳ್ತಾ ಇದೀಯ ಅಂತ ತಿಳ್ಕಂತೈತೆ."

ಎದ್ದು ಹೋಗಿ ಕೆಂಚನ ಪಕ್ಕ ನಿಂತರು. ಅವನು ನೋಡುತ್ತಿದ್ದ ಕಡೆಗೇ ತಾವೂ ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ಕೇಳಿಸ್ತಪ್ಪ, ಕೇಳಿಸ್ತು" ಎಂದರು. ಕೆಂಚ ಉಸಿರು ತೆಗೆದುಕೊಳ್ಳಲು ಬಾಯಿ ಮುಚ್ಚಿದ್ದೇ ತಡ, ನಾಲ್ಕು ಕಾಳು ಮಂಡಕ್ಕಿ ಅವನ ಮೂತಿಯ ಮುಂದಿತ್ತು.

"ಯಾರೋ ಬಂದ್ರು ಅಂತ ಅದು ನಮಗೆ ಹೇಳಾಕೆ ಬೊಗಳ್ತೈತೆ. ಕೇಳಿಸ್ತು ಅನ್ನೋರು ಇಲ್ಲಾಂದ್ರೆ ಇನ್ನೂ ಜೋರಾಗಿ ಹೇಳ್ತೈತೆ, ಅಷ್ಟೆ."

ನನಗೆ ನಮ್ಮ ತರಗತಿ ನೆನಪಾಯಿತು. ನಾವು ಗಲಾಟೆ ಎಬ್ಬಿಸಿದರೆ ಟೀಚರಮ್ಮ ಮೇಜು ಕುಟ್ಟುತ್ತಿರಲಿಲ್ಲ. ಹೇಳುತ್ತಿದ್ದ ಕಥೆಯನ್ನೇ ದನಿ ತಗ್ಗಿಸಿ ಮುಂದುವರಿಸುತ್ತಿದ್ದರು. ನಾವು ಹೆಚ್ಚು ಗಲಾಟೆ ಮಾಡಿದರೆ ಅವರ ದನಿ ಇನ್ನೂ ಸಣ್ಣದಾಗುತ್ತಿತ್ತು. ಕಥೆ ತಪ್ಪಿಹೋದೀತೆಂಬ ಹೆದರಿಕೆಗೆ ನಾವೇ ಒಬ್ಬರ ಬಾಯಿ ಒಬ್ಬರು ಮುಚ್ಚುತ್ತಿದ್ದೆವು.

ಅವರು ಮಹಡಿ ಹತ್ತಿ ಹೋಗಿ ಮಾಲೀಕರನ್ನು, "ಈ ಮಳೆಗಾಲ ಮುಗಿಯೋ ತನಕ ಅದನ್ನ ನನಗೆ ಬಿಡ್ರಿ" ಎಂದು ಕೇಳಿಕೊಂಡರು. ಕೆಂಚನನ್ನು ಬೀದಿ ಕಾಣುವ ಗೇಟಿನಿಂದ ಬಿಡಿಸಿ ನಮ್ಮ ಹಿತ್ತಲಲ್ಲಿ, ತಮ್ಮ ಮನೆಯ ಗೋಡೆಯ ಪಕ್ಕ ಕಟ್ಟಿಸಿದರು. ಬೆಳಗ್ಗೆ, ಸಂಜೆ ಪಾಠ. ಮುಗಿದ ಮೇಲೆ ಅವ್ವನಿಗೆ ವರದಿ: "ಇವತ್ತು ಹಾಲಿನ ಬೈಕಿಗೆ ಪಾಸು. ಮೀನಿನ ಹಾರ್ನಿಗೆ ಮಾತ್ರ ಫೇಲು." ಕೆಂಚ ನಿಧಾನಕ್ಕೆ ಕಲಿತ. ಒಂದೆರಡು ಸಲ ಬೊಗಳುವುದು, ಟೀಚರಮ್ಮನ ಕಡೆ ತಿರುಗುವುದು, ಅವರು "ಕೇಳಿಸ್ತಪ್ಪ" ಎಂದರೆ ಕೂತುಬಿಡುವುದು.

ದಿನ ಕಳೆದಂತೆ ಅವರ ದನಿ ತಗ್ಗುತ್ತಾ ಹೋಯಿತು. ಮೊದಲು ಅಡುಗೆಮನೆಗೆ ಕೇಳಿಸುತ್ತಿದ್ದದ್ದು ಆಮೇಲೆ ಹಿತ್ತಲ ಬಾಗಿಲಿಗೂ ಕೇಳಿಸದಾಯಿತು. ದೀಪಾವಳಿಯ ಹೊತ್ತಿಗೆ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು, ಕೆಂಚ ಸುಮ್ಮನಾಗುತ್ತಿದ್ದ. ನಮಗೆಲ್ಲ ಹೆಮ್ಮೆಯೋ ಹೆಮ್ಮೆ. ಪಟಾಕಿಗೂ ಜಗ್ಗದ ನಾಯಿಯನ್ನು ಮಾಲೀಕರು ನೆಂಟರಿಗೆ ತೋರಿಸಿದರು. ಟೀಚರಮ್ಮ ಅವ್ವನ ಜೊತೆಗೂ ಪಿಸುಗುಟ್ಟತೊಡಗಿದಾಗ ಅವ್ವ ನಕ್ಕು, "ಪಾಠದ ಚಟ ನೋಡು, ನನ್ನ ಹತ್ರಾನೂ ಹಂಗೇ ಮಾತಾಡ್ತಾರೆ" ಎಂದಳು. ಟೀಚರಮ್ಮನೂ ನಕ್ಕರು. ಕುತ್ತಿಗೆಗೆ ಮಫ್ಲರ್ ಬಂದಿತ್ತು. ಥಂಡಿ ಎಂದು ಸನ್ನೆ ಮಾಡಿದರು. ಅವ್ವ ಕೊಟ್ಟ ರೊಟ್ಟಿ ಬೇಡವೆಂದು ಗಂಜಿ ಕೇಳಿದರು. ವಯಸ್ಸಾಯಿತಲ್ಲ ಎಂದುಕೊಂಡೆವು.

ಒಂದು ವಾರ ಅವರು ಕಾಣಲಿಲ್ಲ, ಮನೆಗೆ ಬೀಗ ಬಿದ್ದಿತ್ತು. ಆಮೇಲೆ ಹೊನ್ನಾಳಿಯಿಂದ ಅವರ ತಂಗಿಯ ಮಗ ಬಟ್ಟೆಬರೆ ಒಯ್ಯಲು ಬಂದರು. "ದೊಡ್ಡಮ್ಮ ದಾವಣಗೆರೆ ಆಸ್ಪತ್ರೇಲಿ ಇದಾರೆ. ಗಂಟಲಲ್ಲಿ ಗಡ್ಡೆ. ಡಾಕ್ಟ್ರು ಕೈ ಚೆಲ್ಲಿಬಿಟ್ರು" ಎಂದರು. ಬಟ್ಟೆಯ ಗಂಟು ಕಟ್ಟುತ್ತಾ, "ಮಳೆಗಾಲದಾಗೇ ಆಸ್ಪತ್ರೆಗೆ ಕರ್ಕಂಡು ಹೋಗಾಕೆ ಬಂದಿದ್ದೆ. ಒಂದು ಪಾಠ ಅರ್ಧಕ್ಕೆ ನಿಂತೈತೆ, ಮುಗಿಸಿ ಬರ್ತೀನಿ ಅಂದ್ರು. ಈ ವಯಸ್ಸಲ್ಲಿ ಯಾರಿಗೆ ಪಾಠ ಹೇಳ್ತಾರೋ ಅಂತ ನಮಗೆ ತಿಳೀಲೇ ಇಲ್ಲ" ಎಂದರು.

ಅವ್ವ ಗಂಜಿ ಕಾಯಿಸಿ ಡಬ್ಬಿಗೆ ಹಾಕಿ ನನ್ನ ಕೈಗಿಟ್ಟಳು.

ಆಸ್ಪತ್ರೆಯಲ್ಲಿ ಟೀಚರಮ್ಮ ನನ್ನನ್ನು ನೋಡಿ ತುಟಿ ಅಲ್ಲಾಡಿಸಿದರು. ಬಗ್ಗಿ ಅವರ ಬಾಯಿಯ ಹತ್ತಿರ ಕಿವಿ ಇಟ್ಟೆ. ಬರೀ ಉಸಿರು. "ಕೆಂಚ ಚೆನ್ನಾಗಿದಾನೆ ಟೀಚರ್" ಎಂದೆ. ಅವರು ಕೇಳಿದ್ದು ಅದೇ ಆಗಿತ್ತೋ, ನೀರು ಬೇಕಿತ್ತೋ, ಗೊತ್ತಿಲ್ಲ. ನನ್ನ ಕೈ ತಟ್ಟಿ ಕಣ್ಣು ಮುಚ್ಚಿಕೊಂಡರು. ಅದೇ ಕೊನೆ.

ಅವರನ್ನು ಮನೆಗೆ ತಂದು ಜಗಲಿಯ ಮೇಲೆ ಮಲಗಿಸಿದ ಬೆಳಗ್ಗೆ ಕೆಂಚ ಅವರ ಮನೆಯ ಗೋಡೆಯತ್ತ ಮುಖ ಮಾಡಿ, ಹೊಲದಲ್ಲಿ ಬೊಗಳುತ್ತಿದ್ದ ಹಾಗೆ ಬೊಗಳಿದ. ನಾನು ಎದ್ದು ಹೋಗಿ ಸುಮ್ಮನಿರಿಸಲಿಲ್ಲ. ತಿಂಗಳುಗಟ್ಟಲೆ ನಮ್ಮ ಕಣ್ಣೆದುರೇ ಒಂದು ದನಿ ನಂದಿಹೋಯಿತು. ಅದನ್ನು ಕೇಳಿಸಿಕೊಳ್ಳಬೇಕಾದ ನಾವು ಚಪ್ಪಾಳೆ ತಟ್ಟಿದ್ದೆವು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಮಹಡಿಯಿಂದ ಮಾಲೀಕರು ಮೊಮ್ಮಗುವನ್ನು ಎತ್ತಿಕೊಂಡು ಇಳಿದು ಬಂದರು. ಕೆಂಚನ ಪಕ್ಕ ನಿಂತು, ಅವನು ನೋಡುತ್ತಿದ್ದ ಕಡೆಗೇ ನೋಡಿದರು. "ಕೇಳಿಸ್ತಪ್ಪ, ಕೇಳಿಸ್ತು" ಎಂದರು. ಅವರ ತುಟಿಯೂ ಅಲ್ಲಾಡಿದ್ದಷ್ಟೇ ಕಂಡಿತು.

ಕೆಂಚ ಸುಮ್ಮನಾದ. ಅವ್ವ ಒಳಗಿನಿಂದ ಒಂದು ಹಿಡಿ ಮಂಡಕ್ಕಿ ತಂದು ಅವನ ಮುಂದೆ ಹಿಡಿದಳು. ಅವನು ಅದನ್ನು ಮೂಸಲಿಲ್ಲ. ಕಿವಿ ನೆಟ್ಟಗೆ ಮಾಡಿಕೊಂಡು ಗೋಡೆಯನ್ನೇ ನೋಡುತ್ತಾ ಕೂತ.